ಓಮ್ ಎಂದರೆ ಏನು, ಎಷ್ಟು? ವಿದ್ಯುತ್ ರೋಧದ ಏಕಮಾನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವೋಲ್ಟ್, ಆಂಪಿಯರ್, ವ್ಯಾಟ್‌ಗಳ ಬಗ್ಗೆ ಎಲ್ಲರಿಗೂ ಒಂದಿಷ್ಟು ಅಂದಾಜು ಇರುತ್ತದೆ. ಓಮ್ ಮಾತ್ರ ಸೂತ್ರದೊಳಗೇ ಉಳಿದುಬಿಡುತ್ತದೆ. ಪರೀಕ್ಷೆಯಲ್ಲಿ ಲೆಕ್ಕ ಸರಿಯಾಗಿ ಬಿಡಿಸಿದವರೂ ಓಮ್ ಅಳೆಯುವ ಮಲ್ಟಿಮೀಟರ್ ಕೈಗೆ ಬಂದಾಗ ತಡವರಿಸುತ್ತಾರೆ. ವಿದ್ಯಾರ್ಥಿಗಳು, ಎಲೆಕ್ಟ್ರಾನಿಕ್ಸ್ ಕಲಿಯಲು ಹೊರಟವರು, ರಿಪೇರಿ ಕೆಲಸಕ್ಕೆ ಕೈಹಾಕಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಒಂದು ಓಮ್ ಎಂದರೆ ಸರಿಯಾಗಿ ಎಷ್ಟು?

ಒಂದು ವಾಹಕದ ಎರಡು ತುದಿಗಳ ನಡುವೆ 1 ವೋಲ್ಟ್ ವಿಭವಾಂತರ (ವೋಲ್ಟೇಜ್) ಕೊಟ್ಟಾಗ ಅದರಲ್ಲಿ 1 ಆಂಪಿಯರ್ ವಿದ್ಯುತ್ ಹರಿದರೆ ಆ ವಾಹಕದ ರೋಧ, ಅಂದರೆ ಹರಿವಿಗೆ ಅದು ಒಡ್ಡುವ ತಡೆ, 1 ಓಮ್. ಈ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿದವರು ಬಹಳ ಜನ. ಅದಕ್ಕಿಂತ ಹೀಗೆ ನೆನಪಿಟ್ಟುಕೊಳ್ಳುವುದು ಉಪಯೋಗಕ್ಕೆ ಬರುತ್ತದೆ: ಓಮ್ ಎಂದರೆ 'ಪ್ರತಿ ಆಂಪಿಯರ್‌ಗೆ ಎಷ್ಟು ವೋಲ್ಟ್'. ಒಂದು ರೆಸಿಸ್ಟರ್ (ಗೊತ್ತಾದ ರೋಧ ಒಡ್ಡಲೆಂದೇ ಮಾಡಿದ ಬಿಡಿಭಾಗ) 50 ಓಮ್ ಇದೆ ಎಂದರೆ ಅದರಲ್ಲಿ ಹರಿಸುವ ಪ್ರತಿಯೊಂದು ಆಂಪಿಯರ್‌ಗೂ 50 ವೋಲ್ಟ್ ಬೇಕು. ಎರಡು ಆಂಪಿಯರ್ ಬೇಕೆಂದರೆ 100 ವೋಲ್ಟ್, ಅರ್ಧ ಆಂಪಿಯರ್ ಸಾಕೆಂದರೆ 25. ಮುಂದಿನ ಉತ್ತರಗಳಲ್ಲಿ ಹೆಚ್ಚಿನವು ಈ ಒಂದೇ ಮಾತಿನಿಂದ ಹುಟ್ಟುತ್ತವೆ.

ಹಾಗಾದರೆ ವೋಲ್ಟೇಜ್ ಏರಿಸಿದರೆ ರೋಧವೂ ಏರಬೇಕಲ್ಲವೇ? ಸೂತ್ರದಲ್ಲಿ (ರೋಧ = ವೋಲ್ಟ್ ÷ ಆಂಪಿಯರ್) ವೋಲ್ಟ್ ಮೇಲಿದೆಯಲ್ಲ?

ಇಲ್ಲ. ವೋಲ್ಟೇಜ್ ಎರಡು ಪಟ್ಟಾದರೆ ಕರೆಂಟೂ ಎರಡು ಪಟ್ಟಾಗುತ್ತದೆ, ಅನುಪಾತ ಇದ್ದಲ್ಲೇ ಇರುತ್ತದೆ. ರೋಧ ಆ ವಸ್ತುವಿನ ಗುಣ. ಅದು ಯಾವ ಲೋಹ, ಎಷ್ಟು ಉದ್ದ, ಎಷ್ಟು ದಪ್ಪ, ಎಷ್ಟು ಬಿಸಿ ಎಂಬುದರ ಮೇಲೆ ನಿಂತಿದೆ. ಸೂತ್ರ ಆ ಗುಣವನ್ನು ಅಳೆಯುವ ದಾರಿ ಹೇಳುತ್ತದೆ, ಗುಣ ಎಲ್ಲಿಂದ ಬಂತೆಂದು ಹೇಳುವುದಿಲ್ಲ.

ಪಟ್ಟಿಯ ಕೊನೆಯಲ್ಲಿರುವ 'ಎಷ್ಟು ಬಿಸಿ' ಎಂಬುದನ್ನು ಮರೆಯುವಂತಿಲ್ಲ. 230 ವೋಲ್ಟ್, 60 ವ್ಯಾಟ್‌ನ ಹಳೆಯ ಮಾದರಿಯ ಫಿಲಮೆಂಟ್ ಬಲ್ಬನ್ನು ತೆಗೆದುಕೊಳ್ಳಿ. ಲೆಕ್ಕದ ಪ್ರಕಾರ ಅದರ ರೋಧ ಸುಮಾರು 882 ಓಮ್. ಬಲ್ಬನ್ನು ಹೋಲ್ಡರ್‌ನಿಂದ ಬಿಚ್ಚಿ ಮಲ್ಟಿಮೀಟರ್‌ನಲ್ಲಿ ಅಳೆದರೆ ನೂರು ಓಮ್ ಕೂಡ ಬರುವುದಿಲ್ಲ. ಲೆಕ್ಕವೂ ತಪ್ಪಲ್ಲ, ಮೀಟರೂ ಕೆಟ್ಟಿಲ್ಲ. ಉರಿಯುವಾಗ ಟಂಗ್‌ಸ್ಟನ್ ಎಳೆ ಎರಡು ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯ್ದಿರುತ್ತದೆ, ಆಗ ಅದರ ರೋಧ ತಣ್ಣಗಿದ್ದಾಗಿನ ಹತ್ತು ಪಟ್ಟಿಗೂ ಹೆಚ್ಚು. ಇಂಥ ಬಲ್ಬ್‌ಗಳು ಹೆಚ್ಚಾಗಿ ಸ್ವಿಚ್ ಹಾಕಿದ ಕ್ಷಣದಲ್ಲೇ ಸುಟ್ಟುಹೋಗುತ್ತಿದ್ದುದಕ್ಕೂ ಇದೇ ಕಾರಣ: ತಣ್ಣಗಿನ ಎಳೆಯೊಳಗೆ ಮೊದಲು ನುಗ್ಗುವ ಕರೆಂಟ್ ತೀರಾ ಹೆಚ್ಚು.

ನೀರಿನ ಪೈಪಿನ ಹೋಲಿಕೆ ಸರಿಯೇ?

ಮೊದಲ ದಿನಕ್ಕೆ ಸರಿ. ಒತ್ತಡ ಎಂದರೆ ವೋಲ್ಟೇಜ್, ಹರಿವು ಎಂದರೆ ಕರೆಂಟ್, ಪೈಪಿನ ಇಕ್ಕಟ್ಟು ಎಂದರೆ ರೋಧ. ಆದರೆ ಎರಡು ಕಡೆ ಇದು ಕೈಕೊಡುತ್ತದೆ. ಪೈಪ್ ಕತ್ತರಿಸಿದರೆ ನೀರು ಹೊರಗೆ ಚೆಲ್ಲುತ್ತದೆ, ತಂತಿ ಕತ್ತರಿಸಿದರೆ ಹರಿವೇ ನಿಲ್ಲುತ್ತದೆ. ಎರಡನೆಯದು ಲೆಕ್ಕದ ವಿಷಯ. ನೀರು ನಿಧಾನವಾಗಿ, ಸುಳಿಯಿಲ್ಲದೆ ಹರಿಯುವ ಪೈಪಿನ ವ್ಯಾಸವನ್ನು ಅರ್ಧ ಮಾಡಿದರೆ ತಡೆ 16 ಪಟ್ಟಾಗುತ್ತದೆ, ಏಕೆಂದರೆ ಗೋಡೆಗೆ ತಾಗಿದ ನೀರು ನಿಂತೇ ಇರುತ್ತದೆ. ತಂತಿಯ ವ್ಯಾಸ ಅರ್ಧ ಮಾಡಿದರೆ ರೋಧ 4 ಪಟ್ಟು ಮಾತ್ರ. ತಂತಿಯಲ್ಲಿ ನೇರ ಪ್ರವಾಹವು (ಡಿಸಿ) ಅಡ್ಡಕೊಯ್ತದ ಎಲ್ಲ ಭಾಗದಲ್ಲೂ ಸಮನಾಗಿ ಹರಿಯುವುದರಿಂದ ಇಲ್ಲಿ ಎಣಿಕೆಗೆ ಬರುವುದು ವಿಸ್ತೀರ್ಣ.

ವೋಲ್ಟೇಜ್ ಎಷ್ಟು ಪಟ್ಟಾದರೆ ಕರೆಂಟೂ ಅಷ್ಟೇ ಪಟ್ಟು ಎಂಬ ಓಮ್‌ನ ನಿಯಮ ಎಲ್ಲ ವಸ್ತುಗಳಿಗೂ ಅನ್ವಯಿಸುತ್ತದೆಯೇ?

ಅನ್ವಯಿಸುವುದಿಲ್ಲ. ಉಷ್ಣತೆ ಒಂದೇ ಇದ್ದರೆ ಲೋಹಗಳು ಬಹಳ ನಿಷ್ಠೆಯಿಂದ ಪಾಲಿಸುತ್ತವೆ. ಡಯೋಡ್, ಎಲ್‌ಇಡಿಗಳು ಪಾಲಿಸುವುದಿಲ್ಲ, ಒಂದು ಮಿತಿಯವರೆಗೆ ಸುಮ್ಮನಿದ್ದು ಆಮೇಲೆ ತಟ್ಟನೆ ಹರಿಯಲು ಬಿಡುತ್ತವೆ. ಎಲ್‌ಇಡಿಯ ರೋಧ ಎಷ್ಟು ಎಂದು ಕೇಳಿದರೆ, ಯಾವ ಕರೆಂಟ್‌ನಲ್ಲಿ ಎಂದು ತಿರುಗಿ ಕೇಳಲೇಬೇಕಾಗುತ್ತದೆ.

ಈ ಓಮ್ ಯಾರು?

ಗೇಯಾರ್ಗ್ ಸೈಮನ್ ಓಮ್. 1789ರಲ್ಲಿ ಜರ್ಮನಿಯ ಎರ್ಲಾಂಗೆನ್‌ನಲ್ಲಿ ಹುಟ್ಟಿದ, ಬೀಗ ತಯಾರಿಸುವವನೊಬ್ಬನ ಮಗ. ಕಲೋನ್ ನಗರದ ಶಾಲೆಯೊಂದರಲ್ಲಿ ಗಣಿತ, ಭೌತವಿಜ್ಞಾನ ಕಲಿಸುತ್ತಿದ್ದಾಗಲೇ ತನ್ನ ಪ್ರಯೋಗಗಳನ್ನು ಮಾಡಿದ.

ಆತನ ಕಾಲದಲ್ಲಿ ವೋಲ್ಟ್‌ಮೀಟರ್, ಆಮ್ಮೀಟರ್‌ಗಳಿರಲಿಲ್ಲ ಎಂಬುದನ್ನು ಗಮನದಲ್ಲಿಟ್ಟುಕೊಂಡು ಆ ಪ್ರಯೋಗವನ್ನು ನೋಡಬೇಕು. ಆಗಿನ ಬ್ಯಾಟರಿಗಳ ವೋಲ್ಟೇಜ್ ನಿಮಿಷ ನಿಮಿಷಕ್ಕೂ ಇಳಿಯುತ್ತಿತ್ತು, ಹಾಗಾಗಿ ಮೊದಲ ಅಳತೆಗಳಿಂದ ಸರಿಯಾದ ನಿಯಮ ಸಿಗಲಿಲ್ಲ. ಆಗ ಬ್ಯಾಟರಿಯನ್ನು ಬಿಟ್ಟು ಬಿಸ್ಮತ್ ಮತ್ತು ತಾಮ್ರವನ್ನು ಬೆಸೆದ ಉಷ್ಣಯುಗ್ಮ ಬಳಸಿದ; ಎರಡು ಬೆಸುಗೆಗಳ ಉಷ್ಣತೆ ಬೇರೆಬೇರೆ ಇದ್ದರೆ ಅದರಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಒಂದು ಬೆಸುಗೆ ಕುದಿಯುವ ನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ನೀರು ಕುದಿಯುತ್ತಿರುವವರೆಗೆ, ಮಂಜು ಕರಗುತ್ತಿರುವವರೆಗೆ ಎರಡರ ಉಷ್ಣತೆಯೂ ಅಲುಗಾಡುವುದಿಲ್ಲ, ಆದ್ದರಿಂದ ವೋಲ್ಟೇಜೂ ಅಲುಗಾಡುವುದಿಲ್ಲ. ಬೇರೆ ಬೇರೆ ಉದ್ದದ ತಾಮ್ರದ ತಂತಿಗಳನ್ನು ಒಂದೊಂದಾಗಿ ಜೋಡಿಸಿ, ತೂಗುಬಿಟ್ಟ ಅಯಸ್ಕಾಂತದ ಸೂಜಿ ಎಷ್ಟು ತಿರುಗುತ್ತದೆ ಎಂಬುದರಿಂದ ಕರೆಂಟನ್ನು ಅಳೆದ. ಸ್ಥಿರವಾದ ಒಂದು ಆಕರವನ್ನು ಹುಡುಕಿಕೊಂಡದ್ದೇ ಈ ಸಂಶೋಧನೆಯ ಜೀವಾಳ ಎಂದು ನನ್ನ ಅಭಿಪ್ರಾಯ. ಅದಾದ ಮೇಲೆ ನಿಯಮ ಅಂಕಿಗಳಲ್ಲೇ ಎದ್ದು ಕಾಣುವಂತಿತ್ತು.

1827ರಲ್ಲಿ ಪುಸ್ತಕ ಪ್ರಕಟವಾಯಿತು. ತಾಯ್ನಾಡಿನಲ್ಲಿ ಅದಕ್ಕೆ ಸಿಕ್ಕ ಸ್ವಾಗತ ತಣ್ಣಗಿತ್ತು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕೋಪ್ಲಿ ಪದಕ ನೀಡಿತು. 1854ರಲ್ಲಿ ಓಮ್ ತೀರಿಕೊಂಡಾಗ ತನ್ನ ಹೆಸರಿನಲ್ಲಿ ಒಂದು ಏಕಮಾನ ಬರಲಿದೆ ಎಂಬುದು ಆತನಿಗೆ ಗೊತ್ತಿರಲಿಲ್ಲ. ಆ ಸಲಹೆ ಬಂದದ್ದು 1861ರಲ್ಲಿ.

ಓಮ್ ಬರುವ ಮೊದಲು ರೋಧವನ್ನು ಹೇಗೆ ಹೇಳುತ್ತಿದ್ದರು?

'ಇಂಥ ದಪ್ಪದ ಇಷ್ಟು ಉದ್ದದ ತಾಮ್ರದ ತಂತಿಯಷ್ಟು' ಎಂದು. ಒಬ್ಬೊಬ್ಬರದೂ ಒಂದೊಂದು ತಂತಿ. ಟೆಲಿಗ್ರಾಫ್ ಬಂದ ಮೇಲೆ ಇದು ದೊಡ್ಡ ತಲೆನೋವಾಯಿತು. ಸಮುದ್ರದಡಿಯ ಕೇಬಲ್ ಎಲ್ಲಿ ಕೆಟ್ಟಿದೆ ಎಂಬುದನ್ನು ದಡದಲ್ಲಿ ಕೂತು ರೋಧ ಅಳೆದೇ ಕಂಡುಹಿಡಿಯಬೇಕಿತ್ತು. ಈ ದಡದವರ ಅಳತೆ ಆ ದಡದವರ ಅಳತೆಗೆ ಹೊಂದದಿದ್ದರೆ ಹಡಗನ್ನು ಎಲ್ಲಿಗೆ ಕಳಿಸುವುದು?

1860ರಲ್ಲಿ ಜರ್ಮನ್ ಎಂಜಿನಿಯರ್ ವರ್ನರ್ ಸೀಮೆನ್ಸ್ ಪಾದರಸವನ್ನು ಮುಂದಿಟ್ಟರು: 1 ಮೀಟರ್ ಉದ್ದ, 1 ಚದರ ಮಿಲಿಮೀಟರ್ ಅಡ್ಡಕೊಯ್ತದ ಪಾದರಸದ ಕಂಬ, 0 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಜಾಣ ಆಯ್ಕೆ. ತಾಮ್ರದ ತಂತಿಯ ರೋಧ ಅದರಲ್ಲಿರುವ ಕಲಬೆರಕೆ, ಎಳೆದ ರೀತಿ, ಬಾಗಿಸಿದ ರೀತಿ ಎಲ್ಲವುಗಳಿಂದ ಬದಲಾಗುತ್ತದೆ. ಪಾದರಸ ದ್ರವ, ಅದನ್ನು ಬಟ್ಟಿ ಇಳಿಸಿ ಶುದ್ಧ ಮಾಡಬಹುದು, ಬಾಗಿಸಿ ಕೆಡಿಸುವ ಮಾತೇ ಇಲ್ಲ.

ಬ್ರಿಟನ್ನಿನ ವಿಜ್ಞಾನ ಸಂಘಟನೆಯಾದ ಬ್ರಿಟಿಷ್ ಅಸೋಸಿಯೇಷನ್‌ನ ಸಮಿತಿ ಬೇರೆ ದಾರಿ ಹಿಡಿಯಿತು. ಯಾವುದೇ ವಸ್ತುವನ್ನು ನಂಬದೆ, ಉದ್ದ, ದ್ರವ್ಯರಾಶಿ, ಕಾಲ ಈ ಮೂರರಿಂದಲೇ ರೋಧವನ್ನು ಕಟ್ಟಬೇಕು ಎಂಬುದು ಅವರ ಹಟ. ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಮತ್ತು ಜೊತೆಗಾರರು 1863ರಲ್ಲಿ ತಂತಿಯ ಸುರುಳಿಯೊಂದನ್ನು ಭೂಮಿಯ ಕಾಂತಕ್ಷೇತ್ರದಲ್ಲಿ ಗಿರಗಿರ ತಿರುಗಿಸಿ, ಅದರ ನಡುವೆ ತೂಗುಬಿಟ್ಟ ಪುಟ್ಟ ಅಯಸ್ಕಾಂತ ಎಷ್ಟು ಓರೆಯಾಗುತ್ತದೆ ಎಂದು ನೋಡಿದರು. ಅವರ ಪದ್ಧತಿಯಲ್ಲಿ ರೋಧಕ್ಕೂ ವೇಗಕ್ಕೂ ಒಂದೇ ಆಯಾಮ. ಒಂದು ಓಮ್ ಎಂದರೆ ಸೆಕೆಂಡಿಗೆ ಒಂದು ಕೋಟಿ ಮೀಟರ್, ಅಂದರೆ ಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರವನ್ನು ಒಂದೇ ಸೆಕೆಂಡಿನಲ್ಲಿ ಕ್ರಮಿಸುವ ವೇಗ! ಅವರು ಮಾಡಿಕೊಟ್ಟ ಮಾದರಿ ಸುರುಳಿಗಳು ಉದ್ದೇಶಿಸಿದ ಬೆಲೆಗಿಂತ ಸುಮಾರು 1.3 ಶೇಕಡಾ ಕಡಿಮೆ ಇದ್ದವು ಎಂಬುದು ಆಮೇಲೆ ತಿಳಿಯಿತು.

ಕೊನೆಗೆ ಎರಡು ದಾರಿಗಳೂ ಕೂಡಿಕೊಂಡವು. ಬೆಲೆಯನ್ನು ಬ್ರಿಟಿಷ್ ಪದ್ಧತಿಯಿಂದ, ಕೈಗೆ ಸಿಗುವ ರೂಪವನ್ನು ಪಾದರಸದಿಂದ ತೆಗೆದುಕೊಂಡರು. 1893ರ ಶಿಕಾಗೋ ಸಮ್ಮೇಳನ ಒಪ್ಪಿದ 'ಅಂತರರಾಷ್ಟ್ರೀಯ ಓಮ್' ಹೀಗಿತ್ತು: ಕರಗುವ ಮಂಜಿನ ಉಷ್ಣತೆಯಲ್ಲಿ 14.4521 ಗ್ರಾಂ ತೂಕದ, 106.3 ಸೆಂಟಿಮೀಟರ್ ಉದ್ದದ, ಎಲ್ಲ ಕಡೆ ಒಂದೇ ಅಡ್ಡಕೊಯ್ತದ ಪಾದರಸದ ಕಂಬ. ಕೂದಲೆಳೆಯಂಥ ಗಾಜಿನ ನಳಿಗೆಯ ಅಡ್ಡಕೊಯ್ತವನ್ನು ನೇರವಾಗಿ ಅಳೆಯುವುದು ಕಷ್ಟ, ಒಳಗಿನ ಪಾದರಸವನ್ನು ತೂಗುವುದು ಸುಲಭ. ವ್ಯಾಖ್ಯೆಯೊಳಗೆ ತೂಕ ಬಂದದ್ದು ಅದಕ್ಕೇ.

ಈಗಲೂ ಪಾದರಸವೇ?

ಅಲ್ಲ. 1948ರಲ್ಲಿ ಪಾದರಸದ ವ್ಯಾಖ್ಯೆ ಹೋಯಿತು. ಹಳೆಯ ಅಂತರರಾಷ್ಟ್ರೀಯ ಓಮ್ ಹೊಸದಕ್ಕಿಂತ ಹತ್ತು ಸಾವಿರದಲ್ಲಿ ಸುಮಾರು ಐದು ಭಾಗ ಹೆಚ್ಚಿತ್ತು.

ನಿಜವಾದ ತಿರುವು 1980ರ ಫೆಬ್ರವರಿಯಲ್ಲಿ, ಫ್ರಾನ್ಸ್‌ನ ಗ್ರೆನೋಬ್ಲ್‌ನಲ್ಲಿ. ಕ್ಲಾಸ್ ಫಾನ್ ಕ್ಲಿಟ್ಜಿಂಗ್ ಎಂಬ ಜರ್ಮನ್ ಭೌತವಿಜ್ಞಾನಿ ಸಿಲಿಕಾನ್ ಟ್ರಾನ್ಸಿಸ್ಟರ್ ಒಂದನ್ನು ದ್ರವ ಹೀಲಿಯಂನಲ್ಲಿ ತಣಿಸಿ, ಬಲವಾದ ಕಾಂತಕ್ಷೇತ್ರದಲ್ಲಿಟ್ಟು, ಕರೆಂಟ್ ಹರಿಯುವ ದಿಕ್ಕಿಗೆ ಅಡ್ಡಲಾಗಿ ಹುಟ್ಟುವ ವೋಲ್ಟೇಜನ್ನು ಅಳೆಯುತ್ತಿದ್ದರು. ಆ ವೋಲ್ಟೇಜನ್ನು ಕರೆಂಟ್‌ನಿಂದ ಭಾಗಿಸಿದರೆ ಸಿಗುವುದು ಓಮ್‌ನಲ್ಲೇ. ಅದು ನುಣುಪಾಗಿ ಏರಿಳಿಯುವ ಬದಲು ಮೆಟ್ಟಿಲು ಮೆಟ್ಟಿಲಾಗಿ ನಿಂತಿತು. ಪ್ರತಿ ಮೆಟ್ಟಿಲಿನ ಬೆಲೆ 25,812.807 ಓಮ್ ಅನ್ನು ಒಂದು ಪೂರ್ಣಾಂಕದಿಂದ ಭಾಗಿಸಿದಷ್ಟು. ತುಣುಕಿನ ಗಾತ್ರ, ಆಕಾರ, ಅದರೊಳಗಿನ ಸಣ್ಣಪುಟ್ಟ ದೋಷ ಯಾವುದೂ ಆ ಅಂಕಿಯನ್ನು ಮುಟ್ಟುವುದಿಲ್ಲ. ಅದು ಪ್ಲಾಂಕ್ ಸ್ಥಿರಾಂಕವನ್ನು (ಕ್ವಾಂಟಮ್ ಭೌತವಿಜ್ಞಾನದ ಮೂಲ ಅಂಕಿ) ಎಲೆಕ್ಟ್ರಾನ್ ಆವೇಶದ ವರ್ಗದಿಂದ ಭಾಗಿಸಿದ ಬೆಲೆ. 1985ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ವಸ್ತುವನ್ನು ನಂಬದ ಓಮ್ ಬೇಕೆಂದು ಮ್ಯಾಕ್ಸ್‌ವೆಲ್ ಕಾಲದವರು ಹಟ ಹಿಡಿದದ್ದು ಇಲ್ಲಿ ಕೈಗೂಡಿತು. ಬೇರೆ ಬೇರೆ ದೇಶಗಳ ಎರಡು ಪ್ರಯೋಗಾಲಯಗಳು ಒಂದು ಪೆಟ್ಟಿಗೆಯನ್ನೂ ಸಾಗಿಸದೆ ಒಂದೇ ಓಮ್ ಪಡೆಯಬಹುದು ಎಂಬ ಸಂಗತಿ ನನಗೆ ಇಂದಿಗೂ ರೋಮಾಂಚನ ತರುತ್ತದೆ.

2019ರ ಮೇ 20ರಿಂದ ಪ್ಲಾಂಕ್ ಸ್ಥಿರಾಂಕಕ್ಕೂ ಎಲೆಕ್ಟ್ರಾನ್ ಆವೇಶಕ್ಕೂ ನಿಖರ ಬೆಲೆಗಳನ್ನು ಗೊತ್ತುಪಡಿಸಲಾಗಿದೆ. ಹಾಗಾಗಿ ಈ ಮೆಟ್ಟಿಲಿನ ಬೆಲೆಯೂ ಈಗ ನಿಖರ: 25,812.80745… ಓಮ್.

2019ರ ಬದಲಾವಣೆಯಿಂದ ನನ್ನ ಮೀಟರ್ ತಪ್ಪಾಯಿತೇ?

ಇಲ್ಲ. ಬದಲಾದದ್ದು ಹತ್ತು ಕೋಟಿಯಲ್ಲಿ ಸುಮಾರು ಎರಡು ಭಾಗ. ಕೈಯಲ್ಲಿ ಹಿಡಿಯುವ ಮೀಟರ್‌ಗಳ ನಿಖರತೆ ಸಾಮಾನ್ಯವಾಗಿ ನೂರರಲ್ಲಿ ಒಂದು ಭಾಗದ ಆಸುಪಾಸಿನದು.

ಚಿಹ್ನೆಗೆ ಗ್ರೀಕ್ ಅಕ್ಷರ ಯಾಕೆ? ಕಿಲೋ, ಮೆಗಾ, ಮಿಲಿ ಗೊಂದಲ ಹೇಗೆ ತಪ್ಪಿಸುವುದು?

ಇಂಗ್ಲಿಷಿನ 'ಓ' ಬಳಸಿದ್ದರೆ ಅಂಕಿಯ ಪಕ್ಕದಲ್ಲಿ ಅದು ಸೊನ್ನೆಯಂತೆಯೇ ಕಾಣುತ್ತಿತ್ತು. ಹಾಗಾಗಿ ಒಮೆಗಾ, Ω. ಸಾವಿರ ಓಮ್ ಒಂದು ಕಿಲೋಓಮ್, ಹತ್ತು ಲಕ್ಷ ಓಮ್ ಒಂದು ಮೆಗಾಓಮ್, ಓಮ್‌ನ ಸಾವಿರದಲ್ಲೊಂದು ಭಾಗ ಮಿಲಿಓಮ್. ಮೆಗಾಗೆ ದೊಡ್ಡ 'ಎಂ', ಮಿಲಿಗೆ ಚಿಕ್ಕ 'ಎಂ'. ಅವಸರದಲ್ಲಿ ಒಂದರ ಬದಲು ಇನ್ನೊಂದು ಬರೆದರೆ ಬೆಲೆ ನೂರು ಕೋಟಿ ಪಟ್ಟು ಬದಲಾಗುತ್ತದೆ.

ಸರ್ಕ್ಯೂಟ್ ಚಿತ್ರಗಳಲ್ಲಿ '4ಕೆ7' ಎಂದು ಕಂಡರೆ ಅದು 4.7 ಕಿಲೋಓಮ್. ಫೋಟೋಕಾಪಿಯಲ್ಲಿ ದಶಮಾಂಶದ ಚುಕ್ಕೆ ಅಳಿಸಿಹೋದರೆ 4.7 ಹೋಗಿ 47 ಆಗುತ್ತದೆ, ಚುಕ್ಕೆಯ ಜಾಗದಲ್ಲಿ ಅಕ್ಷರ ಇದ್ದರೆ ಆ ಭಯವಿಲ್ಲ. '4ಆರ್7' ಎಂದರೆ 4.7 ಓಮ್.

ರೆಸಿಸ್ಟರ್‌ಗಳು 4.7, 6.8 ಅಂತ ಯಾಕೆ? 5, 7 ಯಾಕಿಲ್ಲ?

ರೆಸಿಸ್ಟರ್‌ಗಳ ಸಾಮಾನ್ಯ ಬೆಲೆಗಳ ಸರಣಿ ಇದು: 10, 12, 15, 18, 22, 27, 33, 39, 47, 56, 68, 82. ಪ್ರತಿಯೊಂದೂ ಹಿಂದಿನದಕ್ಕಿಂತ ಹೆಚ್ಚುಕಡಿಮೆ 1.2 ಪಟ್ಟು, ಹನ್ನೆರಡು ಹೆಜ್ಜೆಗೆ ಹತ್ತು ಪಟ್ಟು. ಪ್ರತಿ ಬೆಲೆಯಲ್ಲೂ ಹತ್ತು ಶೇಕಡಾ ಹೆಚ್ಚುಕಡಿಮೆ ಇರಬಹುದು ಎಂದಿಟ್ಟುಕೊಂಡರೆ ನಡುವೆ ಅಂತರ ಬಹುತೇಕ ಉಳಿಯುವುದಿಲ್ಲ.

ಓಮ್ ಬೇರೆ, ಓಮ್ ಮೀಟರ್ (ಉಪಕರಣವಲ್ಲ, Ω·m ಎಂಬ ಏಕಮಾನ) ಬೇರೆಯೇ?

ಬೇರೆ. ಓಮ್ ಒಂದು ನಿರ್ದಿಷ್ಟ ತಂತಿಗೆ ಸೇರಿದ್ದು, ಓಮ್ ಮೀಟರ್ ಆ ತಂತಿ ಆಗಿರುವ ಲೋಹಕ್ಕೆ ಸೇರಿದ್ದು. ಎರಡನೆಯದನ್ನು ರೋಧಶೀಲತೆ ಎನ್ನುತ್ತೇವೆ. ತಾಮ್ರದ ರೋಧಶೀಲತೆ 20 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಹೀಗಿದೆ: 1 ಚದರ ಮಿಲಿಮೀಟರ್ ದಪ್ಪದ, 1 ಮೀಟರ್ ಉದ್ದದ ತಂತಿಗೆ 0.0172 ಓಮ್. ಅದೇ ಅಳತೆಯ ನೈಕ್ರೋಮ್ (ಹೀಟರ್ ಕಾಯಿಲ್‌ಗೆ ಬಳಸುವ ಮಿಶ್ರಲೋಹ) ತಂತಿಗೆ ಸುಮಾರು 1.1 ಓಮ್, ಅರುವತ್ತು ಪಟ್ಟಿಗೂ ಮಿಗಿಲು.

ಈ ಒಂದು ಅಂಕಿ ಇಟ್ಟುಕೊಂಡು ಎಷ್ಟೆಲ್ಲ ತಿಳಿಯಬಹುದು ನೋಡಿ. ಹತ್ತು ಮೀಟರ್ ದೂರದಲ್ಲಿರುವ ಉಪಕರಣಕ್ಕೆ 1 ಚದರ ಮಿಲಿಮೀಟರ್ ವೈರ್ ಎಳೆದಿದ್ದೀರಿ. ಕರೆಂಟ್ ಹೋಗಿ ಬರಬೇಕು, ಆದ್ದರಿಂದ ಒಟ್ಟು 20 ಮೀಟರ್ ತಾಮ್ರ. ಅದರ ರೋಧ 0.344 ಓಮ್. ಉಪಕರಣ 10 ಆಂಪಿಯರ್ ಎಳೆದರೆ ವೈರಿನಲ್ಲೇ ಸುಮಾರು 3.4 ವೋಲ್ಟ್ ಹೋಗುತ್ತದೆ, 34 ವ್ಯಾಟ್ ಬಿಸಿಯಾಗಿ ಕಳೆಯುತ್ತದೆ. 2.5 ಚದರ ಮಿಲಿಮೀಟರ್ ವೈರ್ ಹಾಕಿದ್ದರೆ ನಷ್ಟ 14 ವ್ಯಾಟ್‌ಗೆ ಇಳಿಯುತ್ತಿತ್ತು.

ರೋಧ ಹೆಚ್ಚಿದ್ದರೆ ಹೆಚ್ಚು ಬಿಸಿಯಾಗುತ್ತದೆಯೋ, ಕಡಿಮೆ ಇದ್ದರೆ ಹೆಚ್ಚು ಬಿಸಿಯಾಗುತ್ತದೆಯೋ?

ಅತಿ ಹೆಚ್ಚು ಗೊಂದಲ ಹುಟ್ಟಿಸುವ ಪ್ರಶ್ನೆ ಇದೇ. ಸಡಿಲ ಕನೆಕ್ಷನ್‌ನಲ್ಲಿ ರೋಧ ಹೆಚ್ಚಿ ಬಿಸಿಯಾಗುತ್ತದೆ ಎನ್ನುತ್ತಾರೆ. ಹೀಟರ್‌ನಲ್ಲಿ ನೋಡಿದರೆ 230 ವೋಲ್ಟ್‌ನ 1000 ವ್ಯಾಟ್ ಕಾಯಿಲ್‌ಗೆ ಸುಮಾರು 53 ಓಮ್, 2000 ವ್ಯಾಟ್ ಕಾಯಿಲ್‌ಗೆ 26 ಓಮ್, ಅಂದರೆ ರೋಧ ಕಡಿಮೆ ಇರುವುದೇ ಹೆಚ್ಚು ಕಾಯುತ್ತದೆ. ಎರಡೂ ನಿಜ.

ಕೇಳಿಕೊಳ್ಳಬೇಕಾದದ್ದು ಇಷ್ಟು: ಈ ಜಾಗದಲ್ಲಿ ಬದಲಾಗದೆ ನಿಂತಿರುವುದು ಯಾವುದು? ಹೀಟರ್ ನೇರವಾಗಿ ಸಪ್ಲೈಗೆ ಸೇರಿದೆ, ಅದರ ವೋಲ್ಟೇಜ್ ಸ್ಥಿರ. ರೋಧ ಅರ್ಧವಾದರೆ ಕರೆಂಟ್ ಎರಡು ಪಟ್ಟು, ಶಾಖವೂ ಎರಡು ಪಟ್ಟು. ಸಡಿಲ ಸ್ಕ್ರೂನ ಕಥೆ ಬೇರೆ. ಅದರ ಮೂಲಕ ಎಷ್ಟು ಕರೆಂಟ್ ಹರಿಯಬೇಕೆಂಬುದನ್ನು ಮುಂದಿರುವ ಹೀಟರ್ ಆಗಲೇ ತೀರ್ಮಾನಿಸಿರುತ್ತದೆ. ಅಲ್ಲಿ ಕರೆಂಟ್ ಸ್ಥಿರ, ಆದ್ದರಿಂದ ರೋಧ ಹೆಚ್ಚಿದಷ್ಟೂ ಶಾಖ ಹೆಚ್ಚು. 10 ಆಂಪಿಯರ್ ಹರಿಯುವ ಕಡೆ ಸ್ಕ್ರೂ ಸಡಿಲಾಗಿ ಬರೀ ಅರ್ಧ ಓಮ್ ಹುಟ್ಟಿಕೊಂಡರೆ ಅಲ್ಲಿ 50 ವ್ಯಾಟ್. ಸೋಲ್ಡರಿಂಗ್ ಐರನ್ ಒಂದಕ್ಕೆ 25 ವ್ಯಾಟ್ ಸಾಕಾಗುತ್ತದೆ. ಪ್ಲಗ್ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಒಳಗೆ ಇದೇ ನಡೆಯುತ್ತಿರುತ್ತದೆ. ದಯವಿಟ್ಟು ಅದನ್ನು ಕಡೆಗಣಿಸಬೇಡಿ.

ನಮ್ಮ ದೇಹದ ರೋಧ ಎಷ್ಟು?

ಒಂದೇ ಅಂಕಿ ಇಲ್ಲ. ಒಣ ಚರ್ಮ ಹತ್ತಾರು ಸಾವಿರ ಓಮ್ ತೋರಿಸಬಹುದು. ಒದ್ದೆಯಾದರೆ ಸಾವಿರ ಓಮ್ ಆಸುಪಾಸಿಗೂ ಇಳಿಯುತ್ತದೆ. 230 ವೋಲ್ಟನ್ನು ಸಾವಿರದಿಂದ ಭಾಗಿಸಿದರೆ 0.23 ಆಂಪಿಯರ್, ಪ್ರಾಣ ತೆಗೆಯಲು ಅಷ್ಟು ಬೇಕಾದಷ್ಟಾಯಿತು. ವೋಲ್ಟೇಜ್ ಹೆಚ್ಚಾದಂತೆ ಚರ್ಮದ ರೋಧ ಇನ್ನೂ ಕುಸಿಯುತ್ತದೆ. ಮೀಟರ್‌ನ ಎರಡು ಕಡ್ಡಿ ಹಿಡಿದು ಅಳೆದ ಅಂಕಿಯನ್ನು ನಂಬಿ ಧೈರ್ಯ ತಂದುಕೊಳ್ಳಬಾರದು.

8 ಓಮ್ ಎಂದು ಬರೆದ ಸ್ಪೀಕರ್ ಮೀಟರ್‌ನಲ್ಲಿ 6 ಓಮ್ ತೋರಿಸುತ್ತದೆ. ಕೆಟ್ಟಿದೆಯೇ?

ಕೆಟ್ಟಿಲ್ಲ. ಮೀಟರ್ ಅಳೆಯುವುದು ನೇರ ಪ್ರವಾಹಕ್ಕೆ ಸುರುಳಿಯ ತಂತಿ ಒಡ್ಡುವ ರೋಧವನ್ನು ಮಾತ್ರ. ಮೇಲೆ ಬರೆದ 8 ಓಮ್ ಎಂಬುದು ಶಬ್ದದ ಪರ್ಯಾಯ ಪ್ರವಾಹಕ್ಕೆ (ಎಸಿ) ಒಡ್ಡುವ ಒಟ್ಟು ತಡೆ, ಅಂದರೆ ಪ್ರತಿಬಾಧೆ (ಇಂಪೀಡೆನ್ಸ್). ಅದರ ಏಕಮಾನವೂ ಓಮ್ ಆಗಿರುವುದರಿಂದ ಈ ಗೊಂದಲ. ಅದು ಆವರ್ತದೊಂದಿಗೆ ಬದಲಾಗುತ್ತಾ ಹೋಗುತ್ತದೆ, ಬರೆದಿರುವುದು ವ್ಯವಹಾರಕ್ಕೆ ಒಪ್ಪಿಕೊಂಡ ಒಂದು ಬೆಲೆ.

ಓಮ್‌ಗೆ ವಿಲೋಮವಾದ ಏಕಮಾನ ಇದೆಯೇ?

ಇದೆ, ಸೀಮೆನ್ಸ್. ಪ್ರತಿ ವೋಲ್ಟ್‌ಗೆ ಎಷ್ಟು ಆಂಪಿಯರ್ ಎಂಬುದು ಅದರ ಅರ್ಥ. ಹಳೆಯ ಪುಸ್ತಕಗಳಲ್ಲಿ ಇದನ್ನೇ 'ಮೋ' ಎಂದು ಬರೆದಿರುತ್ತಾರೆ.

ರೋಧ ಸೊನ್ನೆಯಾಗಲು ಸಾಧ್ಯವೇ?

ಸಾಧ್ಯ. 1911ರಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡೆನ್‌ನಲ್ಲಿ ಭೌತವಿಜ್ಞಾನಿ ಕಾಮರ್ಲಿಂಗ್ ಓನ್ಸ್ ಪಾದರಸವನ್ನು ಸುಮಾರು 4.2 ಕೆಲ್ವಿನ್‌ಗೆ ತಣಿಸಿದಾಗ ಅದರ ರೋಧ ಹಠಾತ್ತನೆ ಅಳತೆಗೆ ಸಿಗದಂತೆ ಮಾಯವಾಯಿತು. ಓಮ್ ಎಷ್ಟೆಂದು ಜಗತ್ತಿಗೆ ತೋರಿಸಲು ಆಯ್ದಿದ್ದ ಅದೇ ಪಾದರಸ.

ಮಲ್ಟಿಮೀಟರ್‌ನಲ್ಲಿ ಓಮ್ ಅಳೆಯುವಾಗ ಅಂಕಿ ಯಾಕೆ ನಿಲ್ಲುವುದಿಲ್ಲ, ಯಾಕೆ ತಪ್ಪು ಬರುತ್ತದೆ?

ಮೀಟರ್ ತನ್ನದೇ ಬ್ಯಾಟರಿಯಿಂದ ಸಣ್ಣ ಕರೆಂಟ್ ಹರಿಸಿ, ಹುಟ್ಟಿದ ವೋಲ್ಟೇಜ್ ನೋಡಿ ಓಮ್ ತೋರಿಸುತ್ತದೆ. ಸರ್ಕ್ಯೂಟ್‌ನಲ್ಲಿ ಬೇರೆ ವೋಲ್ಟೇಜ್ ಇದ್ದರೆ ಅಂಕಿ ಸುಳ್ಳಾಗುತ್ತದೆ, ಮೀಟರೂ ಹಾಳಾಗಬಹುದು. ಮೊದಲು ಸಪ್ಲೈ ತೆಗೆಯಿರಿ, ಕೆಪಾಸಿಟರ್‌ಗಳು ಖಾಲಿಯಾಗಲಿ. ಬೋರ್ಡಿನಲ್ಲೇ ಇರುವ ರೆಸಿಸ್ಟರ್ ಅಳೆದರೆ ಅಕ್ಕಪಕ್ಕದ ದಾರಿಗಳೂ ಸೇರಿಕೊಳ್ಳುವುದರಿಂದ ಸಾಮಾನ್ಯವಾಗಿ ಕಡಿಮೆ ಬರುತ್ತದೆ, ಒಂದು ಕಾಲನ್ನಾದರೂ ಬಿಚ್ಚಿ ಅಳೆಯಬೇಕು. ಮೆಗಾಓಮ್‌ಗಳಲ್ಲಿ ಅಳೆಯುವಾಗ ಎರಡೂ ಕೈಬೆರಳು ತುದಿಗಳಿಗೆ ತಾಗಿದ್ದರೆ ನಿಮ್ಮ ದೇಹವೂ ಲೆಕ್ಕಕ್ಕೆ ಬರುತ್ತದೆ. 'ಓಎಲ್' ಎಂದೋ ಎಡಬದಿಯಲ್ಲಿ ಒಂಟಿ 1 ಎಂದೋ ಕಂಡರೆ ಆ ರೇಂಜಿಗೆ ಮೀರಿದೆ ಅಥವಾ ದಾರಿ ತುಂಡಾಗಿದೆ ಎಂದರ್ಥ.

ಒಂದು ಓಮ್‌ಗಿಂತ ಕೆಳಗೆ ಹೋದಾಗ ಮೀಟರ್‌ನ ವೈರ್‌ಗಳೇ ಅಡ್ಡ ಬರುತ್ತವೆ. ಎರಡು ಕಡ್ಡಿಗಳನ್ನು ಒಂದಕ್ಕೊಂದು ಒತ್ತಿ ಹಿಡಿದರೂ 0.2, 0.3 ಓಮ್ ಕಾಣುವುದು ಸಾಮಾನ್ಯ. ಅದನ್ನು ನೋಡಿಕೊಂಡು ಕಳೆದರೆ ಸಾಧಾರಣ ಕೆಲಸಕ್ಕೆ ಸಾಕು. ಮಿಲಿಓಮ್‌ಗಳು ಬೇಕಿದ್ದರೆ ನಾಲ್ಕು ತಂತಿಯ ವಿಧಾನ ಹಿಡಿಯಬೇಕು: ಒಂದು ಜೊತೆಯಲ್ಲಿ ಗೊತ್ತಿರುವ ಕರೆಂಟ್ ಹರಿಸಿ, ಇನ್ನೊಂದು ಜೊತೆಯನ್ನು ವಸ್ತುವಿನ ಮೇಲೆ, ಕರೆಂಟ್ ತಂತಿಗಳಿಗಿಂತ ಒಳಗೆ ತಾಗಿಸಿ ವೋಲ್ಟೇಜ್ ಓದುವುದು. ವೋಲ್ಟೇಜ್ ಓದುವ ಜೊತೆಯಲ್ಲಿ ಕರೆಂಟ್ ಹರಿಯುವುದೇ ಇಲ್ಲ ಎನ್ನುವಷ್ಟು ಕಡಿಮೆ, ಹಾಗಾಗಿ ಆ ತಂತಿಗಳ ರೋಧ ಎಷ್ಟಿದ್ದರೂ ಅಳತೆಗೆ ತಾಗುವುದಿಲ್ಲ. 1 ಆಂಪಿಯರ್ ಹರಿಸಿ 3 ಮಿಲಿವೋಲ್ಟ್ ಓದಿದರೆ ಆ ಜೋಡಣೆಯ ರೋಧ 3 ಮಿಲಿಓಮ್.